ಕರಿಗೌಡನ ಗಾದಿ

ಡಾಕ್ಟರು ಇಂಜೆಕ್ಷನ್ ಚುಚ್ಚುವ ಮೊದಲು ಕರೆವ್ವ ಔಷಧದ ಸೀಸೆ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡುತ್ತಾಳೆ. ಓದಲು ಬರುವುದಿಲ್ಲ, ಅದು ಬೇರೆ ಮಾತು. ತಾನು ನೋಡಿದ್ದು ಡಾಕ್ಟರಿಗೆ ಗೊತ್ತಾಗಬೇಕು, ಅಷ್ಟೇ. ಫೋನು ಹಚ್ಚಿದಾಗ ಯಾವುದೋ ಹೆಣ್ಣುದನಿ ‘ನೀವು ಕರೆ ಮಾಡಿದವರು ಬೇರೊಂದು ಕರೆಯಲ್ಲಿದ್ದಾರೆ’ ಎಂದರೆ, “ಯಾರ ನೀ? ಅವನ ಫೋನ್ ನಿನ್ನ ಕೈಯಾಗ ಹ್ಯಾಂಗ ಬಂತು?” ಎಂದು ಜೋರು ಮಾಡುತ್ತಾಳೆ. ಗಂಡ ಲಕ್ಕಪ್ಪ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ಹೇಳುವ ಮಾತೊಂದಿದೆ: “ನಮ್ಮಾಕಿ ತನ್ನ ನೆರಳಿಗೂ ‘ಯಾಕ ಬೆನ್ನ ಹತ್ತೀಯೋ’ ಅಂತ ಕೇಳಾಕಿರಿ.”

ಆದರೆ ಈ ಸಂಶಯವೇ ಆಕೆಗೆ ಅನ್ನ ಹಾಕುತ್ತಿತ್ತು. ಚಚಡಿಯಿಂದ ಯರಗಟ್ಟಿಯ ಕಡೆ ಬರುವಾಗ ಡಾಂಬರು ಬಿಟ್ಟು ಒಳಗೆ ಇಳಿದರೆ ಕಣ್ಣು ಹಾಯುವವರೆಗೂ ಎರೆಹೊಲ. ಆ ಹೊಲಗಳಲ್ಲಿ ಇಪ್ಪತ್ತಮೂರು ಚಿಗರಿಗಳ, ಕೃಷ್ಣಮೃಗಗಳ, ಒಂದು ಹಿಂಡು ಇದೆ. ಬೆಳಗು ಹರಿಯುವಾಗ ಒಮ್ಮೆ, ಹೊತ್ತು ಇಳಿಯುವಾಗ ಒಮ್ಮೆ ಅವು ಬೆಳೆಗೆ ಬಾಯಿ ಹಾಕುತ್ತವೆ. ಅವನ್ನು ಎಬ್ಬಿಸಿ ಗಾಯರಾಣಕ್ಕೆ, ಎಂದರೆ ಊರಿಗೆಲ್ಲ ಸೇರಿದ ಹುಲ್ಲುಗಾವಲಿಗೆ, ದಾಟಿಸುವುದು ಕರೆವ್ವನ ಕೆಲಸ. ಅದಕ್ಕೆ ಹೊಲದವರು ರಾಶಿಯ ದಿನ ಮನೆಗೊಂದು ಬುಟ್ಟಿ ಜೋಳ ಆಯ ಕೊಡುತ್ತಾರೆ.

ಚಿಗರಿಯನ್ನು ಅಟ್ಟಬಾರದು, ನಡೆಸಬೇಕು ಎಂಬುದು ಆಕೆಯ ಪಾಠ. ಪಟಾಕಿ ಹೊಡೆದರೆ ಇಪ್ಪತ್ತಮೂರು ಜೀವ ಇಪ್ಪತ್ತಮೂರು ದಿಕ್ಕಿಗೆ ಜಿಗಿಯುತ್ತವೆ. ಆಗ ತಿಂದು ಹಾಳಾದದ್ದಕ್ಕಿಂತ ತುಳಿದು ಹಾಳಾದದ್ದೇ ಹೆಚ್ಚು. ಹಿಂಡಿಗೆ ಹರಕುಕಿವಿಯ ಹಿರಿಯ ಹೆಣ್ಣೊಂದು ಮುಂದಾಳು. ಕರೆವ್ವ ಅದರ ಎಡಬದಿಗೆ ಇಪ್ಪತ್ತು ಮಾರು ದೂರದಲ್ಲಿ, ಅದರತ್ತ ನೋಡದ ಹಾಗೆ, ಯಾರದೋ ಮನೆಗೆ ಮಜ್ಜಿಗೆ ತರಲು ಹೊರಟವಳಂತೆ ನಡೆಯುತ್ತಾಳೆ. ನೇರ ನೋಡಿದರೆ ಅದಕ್ಕೆ ಸಂಶಯ ಬರುತ್ತದೆ. “ನನ್ನಂಗ ಐತದು,” ಎನ್ನುತ್ತಾಳೆ. ಹರಕುಕಿವಿ ಒಮ್ಮೆ ಕಾಲು ಕಿತ್ತಿತೆಂದರೆ ಉಳಿದವು ಒಂದರ ಹಿಂದೆ ಒಂದು ಬದುವಿಗುಂಟ ಗಾಯರಾಣ ಸೇರುತ್ತವೆ.

ಈ ವಿದ್ಯೆ ಆಕೆಗೆ ಅಪ್ಪನಿಂದ ಬಂದದ್ದು. ಅಪ್ಪ ಕುರಿ ಕಾಯುತ್ತಿದ್ದ. ರಾಮದುರ್ಗದ ಗುಡ್ಡದಿಂದ ದೊಡವಾಡದ ಹೊಲಗಳವರೆಗೆ ಕುರಿ ತರುಬುತ್ತ ಹೋಗುವಾಗ ಹತ್ತು ವರ್ಷದ ಕರೆವ್ವ ಹಿಂಡಿನ ಬಾಲದಲ್ಲಿ ಇರುತ್ತಿದ್ದಳು. ಒಂದು ಸಲ ಬೆಳಗಾಗುವುದರೊಳಗೆ ಹನ್ನೊಂದು ಕುರಿ ಮಾಯವಾದವು. ಅಪ್ಪ ಬೈಯಲಿಲ್ಲ, ಅಳಲಿಲ್ಲ. ಮಗಳನ್ನು ಪಕ್ಕಕ್ಕೆ ಕರೆದು, “ಕುರಿ ಕಳದ್ರ ಮೊದಲ ನೆಲ ನೋಡು. ಆಮ್ಯಾಲ ಮಂದಿ ಮಾರಿ ನೋಡು,” ಎಂದ. ಅಂದಿನಿಂದ ಆಕೆ ಎರಡನ್ನೂ ಬಿಟ್ಟೂಬಿಡದೆ ನೋಡುತ್ತಲೇ ಇದ್ದಾಳೆ.

ಹೋದ ಬೇಸಿಗೆಯಲ್ಲಿ ನೋಡಿದ್ದು ಸಾಲಲಿಲ್ಲ. ಹಳ್ಳದ ದಂಡೆಯ ಜಾಲಿಕಂಟಿಯಲ್ಲಿ ಒಂದು ಹೆಣ್ಣು ಚಿಗರಿ ಉರುಲಿಗೆ ಕುತ್ತಿಗೆ ಸಿಕ್ಕು ಸತ್ತಿತ್ತು. ಯಾರು ಹಾಕಿದ ಉರುಲು ಎಂಬುದು ಹೊರಬೀಳಲೇ ಇಲ್ಲ. ಹೊರಬಿದ್ದದ್ದು ಮಾತು: “ಯಾವ ಹೊತ್ತಿಗೆ ಎಲ್ಲಿ ಇರ್ತಾವ ಅಂತ ಕರೆವ್ವನ ಬಿಟ್ಟ ಮತ್ಯಾರಿಗೆ ಗೊತ್ತೈತಿ?” ಆ ಮಾತು ಕಿವಿಗೆ ಬಿದ್ದ ದಿನ ಆಕೆ ಊಟ ಮಾಡಲಿಲ್ಲ. ಊರ ಹಿರಿಯ ಯಮನಪ್ಪ ಪಂಚರ ಮುಂದೆ ತೀರ್ಮಾನ ಹೇಳಿದ: ಇನ್ನೊಂದು ಚಿಗರಿ ಸತ್ತರೆ ಕರೆವ್ವನ ಕಾವಲು ಬಂದ್, ಹೊಲಗಳಿಗೂ ಗಾಯರಾಣಕ್ಕೂ ನಡುವೆ ಮುಟ್ಟಿದರೆ ಶಾಕ್ ಹೊಡೆಯುವ ಝಟಕಾ ತಂತಿ ಎಳೆಯುವುದು. ಅರಣ್ಯದವರ ಪರವಾನಗಿಯನ್ನೂ ಕೇಳಿಟ್ಟಿದ್ದರು. ಸತ್ತರೂ ಸಾಯದಿದ್ದರೂ ಸೀಗಿ ಹುಣ್ಣಿವೆಯ ದಿನ ಮತ್ತೆ ಕೂತು ಮಾತಾಡುವುದೆಂದಾಯಿತು. ತಂತಿ ಬಂದರೆ ಹಿಂಡಿನ ದಾರಿ ಮುಚ್ಚಿದಂತೆ. ದಾರಿ ಮುಚ್ಚಿದರೆ ಹಿಂಡು ಎಲ್ಲಿಗೆ ಹೋಗಬೇಕು, ಹಿಂಡಿಲ್ಲದ ಕರೆವ್ವ ಏನು ಮಾಡಬೇಕು?

ತಂತಿ ಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಶಟ್ಟೆಪ್ಪ. ಗಾಯರಾಣಕ್ಕೆ ಹತ್ತಿದ ಮೊದಲ ಹೊಲ ಅವನದು.

ಘಟಸ್ಥಾಪನೆಯ ದಿನ ಬೆಳಿಗ್ಗೆ ಕರೆವ್ವ ಹೊಲಕ್ಕೆ ಹೋದಾಗ ಹಿಂಡಿನ ದೊಡ್ಡ ಗಂಡು ಮೇಯುತ್ತಿರಲಿಲ್ಲ. ಆಕೆ ಅವನಿಗೆ ಕರಿಗೌಡ ಎಂದು ಹೆಸರಿಟ್ಟಿದ್ದಳು. ಶ್ರಾವಣದಲ್ಲಿ ಕಂದು ತಿರುಗಿದ್ದ ಮೈ ಈಗ ಬೆನ್ನಿನಿಂದ ಕೆಳಗೆ ಕಾಡಿಗೆ ಬಳಿದಂತೆ ಕಪ್ಪಾಗುತ್ತ ಬಂದಿತ್ತು. ಮೂಗು ಮುಗಿಲಿಗೆ, ಕಿವಿ ಕೆಳಗೆ, ಕೋಡು ಬೆನ್ನಿಗೆ ತಾಗಿಸಿಕೊಂಡು ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದ. ಗಂಟಲಿನಲ್ಲಿ ಗೊರ್ ಗೊರ್ ಸದ್ದು. ನಿನ್ನೆಯವರೆಗೆ ಪಕ್ಕದಲ್ಲೇ ಮೇಯುತ್ತಿದ್ದ ಪಡ್ಡೆ ಗಂಡೊಂದನ್ನು ಕೋಡು ತಗ್ಗಿಸಿ ದೂರ ಅಟ್ಟಿದ. ಬದುವಿನ ಜಾಲಿಯ ಹತ್ತಿರ ಹೋಗಿ ಒಂದು ಟೊಂಗೆಯ ತುದಿಗೆ ಕಣ್ಣಿನ ಕೆಳಗಿನ ಸೀಳು ತಿಕ್ಕಿದ. ಅವನು ಸರಿದ ಮೇಲೆ ಕರೆವ್ವ ಹೋಗಿ ನೋಡಿದಳು: ಮುಳ್ಳಿನ ತುದಿಯಲ್ಲಿ ಡಾಂಬರಿನ ಹನಿಯಂಥ ಕರಿ ಅಂಟು. ಬೆದೆಗಾಲದ ಮೊದಲ ಗುರುತು.

ಎರಡನೆಯ ಗುರುತು ಮಾತ್ರ ಕಾಣಬಾರದ ಜಾಗದಲ್ಲಿ ಕಂಡಿತು. ಬೆದೆಗೆ ಬಂದ ಗಂಡು ಒಂದು ಜಾಗ ಹಿಡಿದು, ದಿನವೂ ಅಲ್ಲಿಯೇ ಹಿಕ್ಕಿ ಹಾಕುತ್ತಾನೆ. ನೋಡನೋಡುತ್ತ ಅದು ಗುಡ್ಡೆಯಾಗುತ್ತದೆ. ಅದೇ ಅವನ ಗಾದಿ. ಅಲ್ಲಿ ನಿಂತು ಹೆಣ್ಣುಗಳ ದಾರಿ ಕಾಯುತ್ತಾನೆ. ಈ ಸಲ ಕರಿಗೌಡ ಗಾದಿ ಹಾಕಿದ್ದು ಶಟ್ಟೆಪ್ಪನ ಹೊಲದ ನಟ್ಟನಡುವೆ. ಹೆಸರು ಕಿತ್ತ ನೆಲಕ್ಕೆ ಹದವಾಗಿ ಮಳೆ ಬಿದ್ದಿತೆಂದು ಅವನು ಎಲ್ಲರಿಗಿಂತ ಮೊದಲು ಕಡ್ಲಿ ಬಿತ್ತಿದ್ದ, ಎರಡೆಲೆ ಮೂಡಿದ್ದವು.

“ನನ್ನ ಕಡ್ಲಿ ಹೊಲಾನ ಬೇಕಾತೇನ ಅವಂಗ ಲಗ್ನಕ್ಕ?” ಎಂದು ಶಟ್ಟೆಪ್ಪ ಕುಣಿದಾಡಿದ. “ಹಂದರಾ ನಾ ಹಾಕ್ಲ್ಯಾ? ಅಕ್ಕಿಕಾಳ ನೀ ತರ್ತಿ?”

“ಹದಿನೈದ ಇಪ್ಪತ್ತ ದಿವಸ ತಡಕೊಳೋ ತಮ್ಮಾ,” ಎಂದಳು ಕರೆವ್ವ. “ಈಗ ಅವನ್ನ ಎಬ್ಬಿಸಿದಿ ಅಂದ್ರ ತಿರುತಿರುಗಿ ಬರ್ತಾನ. ಅವನ ಹಿಂದ ಇಡೀ ಹಿಂಡ ಬರತೈತಿ. ಹಿಕ್ಕಿ ಎಲ್ಲೈತೋ ಅಂವಾ ಅಲ್ಲೇ. ಅದ ಅವನ ಗಾದಿ.”

“ಹಿಕ್ಕಿ ಎಲ್ಲೈತೋ ಅಲ್ಲೇ?” ಶಟ್ಟೆಪ್ಪ ತಟ್ಟನೆ ಸುಮ್ಮನಾದ.

ಈ ಸುಮ್ಮನಾಗುವಿಕೆ ಕರೆವ್ವನಿಗೆ ಸರಿಬರಲಿಲ್ಲ. ಬಾಯಿ ಮಾಡುವವನು ಬಾಯಿ ಮಾಡುತ್ತಲೇ ಇರಬೇಕು. ಅರ್ಧಕ್ಕೆ ಬಾಯಿ ಮುಚ್ಚಿದನೆಂದರೆ ತಲೆಯಲ್ಲಿ ಏನೋ ಹೊಕ್ಕಿದೆ ಎಂದರ್ಥ. ಮರುದಿನ ಅವನ ಹೆಂಡತಿ ಇಂದ್ರವ್ವ ಬೋರಿನ ಹತ್ತಿರ ಸಿಕ್ಕು, ಕೊಡ ತುಂಬಿದ ಮೇಲೂ ಹೋಗದೆ ನಿಂತಳು.

“ಯಕ್ಕಾ, ಆ ಹೋತ ಮಾರಿ ತಿಕ್ಕತೈತೆಲ್ಲಾ, ಅದು ಎಷ್ಟ ಎತ್ತರದ ಟೊಂಗಿಗೆ ತಿಕ್ಕತೈತಿ?”

“ನಿಂಗ್ಯಾಕ ಬೇಕು?”

“ಸುಮ್ನ ಕೇಳಿದೆ.”

“ಸುಮ್ನ ಯಾರೂ ಏನೂ ಕೇಳೂದಿಲ್ಲ ಇಂದ್ರವ್ವಾ. ಹೋಗು, ಕೊಡಾ ಸೋರಾಕತ್ತೈತಿ.”

ಕೊಡ ಸೋರುತ್ತಿರಲಿಲ್ಲ. ಆದರೂ ಇಂದ್ರವ್ವ ಬಗ್ಗಿ ತಳ ನೋಡಿದಳು. ಅಷ್ಟು ಹೊತ್ತು ಸಾಕಾಯಿತು ಕರೆವ್ವನಿಗೆ ಅವಳ ಮುಖ ಓದಲು. ಎಷ್ಟು ಎತ್ತರದ ಟೊಂಗೆ ಎಂದರೆ ಎಷ್ಟು ಎತ್ತರದಲ್ಲಿ ಕುತ್ತಿಗೆ ಎಂದೇ. ಉರುಲು ಕಟ್ಟುವವನಿಗೆ ಬೇಕಾದ ಅಳತೆ ಅದೊಂದೇ.

ಮೂರನೆಯ ದಿನ ಬೆಳಿಗ್ಗೆ ಗಾದಿ ಮಾಯವಾಗಿತ್ತು.

ಕಸಬರಿಗೆಯಲ್ಲಿ ಬಳಿದಂತೆ ನೆಲ ಸ್ವಚ್ಛ. ರಾತ್ರಿ ಮಳೆಯಾಗಿರಲಿಲ್ಲ. ಕರೆವ್ವ ಕುಕ್ಕರಗಾಲಿನಲ್ಲಿ ಕುಳಿತು ನೋಡಿದಳು. ಹಸಿ ಎರೆಯಲ್ಲಿ ಬುಟ್ಟಿಯ ತಳದ ದುಂಡನೆಯ ಅಚ್ಚು. ಪಕ್ಕದಲ್ಲಿ ಗಂಡಸಿನ ಚಪ್ಪಲಿಯ ಹೆಜ್ಜೆ, ಎಡಗಾಲಿನ ಹಿಮ್ಮಡಿಯ ತುಂಡು ಹಾರಿಹೋಗಿದೆ. ಹೆಜ್ಜೆಯ ಬೆನ್ನು ಹತ್ತಿ ಬದು ದಾಟಿ ಗಾಯರಾಣಕ್ಕೆ ಬಂದಳು. ಮೊಣಕಾಲು ಮುಚ್ಚುವಷ್ಟು ಎತ್ತರದ ಹುಲ್ಲು. ಮಳೆಗಾಲ ಪೂರ್ತಿ ಆ ಹುಲ್ಲನ್ನು ಹಾಗೆಯೇ ಬೆಳೆಯಲು ಬಿಡುವುದು ಊರಿನ ಕಟ್ಟು. ದೀಪಾವಳಿ ಪಾಡ್ಯದವರೆಗೆ ಅದಕ್ಕೆ ದನದ ಬಾಯೂ ತಾಗಬಾರದು, ಕುಡುಗೋಲೂ ತಾಗಬಾರದು; ಪಾಡ್ಯದ ಮರುದಿನ ಮನೆಗೊಂದು ಪಾಲು. ಆದರೆ ನಡುವೆ ಒಂದು ಕಡೆ ಯಾರೋ ಕಣದಷ್ಟು ಅಗಲ ಹುಲ್ಲು ಬೋಳಿಸಿದ್ದರು. ಆ ಬೋಳು ಜಾಗದಲ್ಲಿ ಹಿಕ್ಕಿಯ ಗುಡ್ಡೆ ಕುಳಿತಿತ್ತು.

ಬೇರೆ ಯಾರಾದರೂ ಆಗಿದ್ದರೆ ಕರಿಗೌಡ ತಾನಾಗಿ ಇಲ್ಲಿಗೆ ಬಂದನೆಂದು ಖುಷಿಪಡುತ್ತಿದ್ದರು. ಕರೆವ್ವ ಎರಡು ಬೆರಳಿನಿಂದ ಗುಡ್ಡೆ ಕೆದರಿದಳು. ಚಿಗರಿ ಹಾಕಿದ ಗುಡ್ಡೆಯಲ್ಲಿ ಹಳೆಯದು ಕೆಳಗೆ ಒಣಗಿರುತ್ತದೆ, ಇಂದಿನದು ಮೇಲೆ ಹಸಿ ಇರುತ್ತದೆ. ಇಲ್ಲಿ ಒಣಗಿದ್ದು ಮೇಲೆ, ಹಸಿ ಕೆಳಗೆ. ಬುಟ್ಟಿ ಬೋರಲು ಹಾಕಿದ ಗುಡ್ಡೆ! ಸುತ್ತ ಗೊರಸಿನಿಂದ ನೆಲ ಕೆರೆದ ಗುರುತೂ ಇಲ್ಲ. ತಲೆಯೆತ್ತಿ ನೋಡಿದರೆ ನಾಲ್ಕು ಮಾರು ದೂರದ ಕಂಟಿಯಲ್ಲಿ, ಆಕೆಯ ಸೊಂಟದ ಎತ್ತರಕ್ಕೆ, ನೀಲಿ ನೈಲಾನ್ ದಾರದ ಎರಡು ಸುತ್ತು.

ಗಂಡು ತನ್ನ ಗಾದಿ ಹುಡುಕಿಕೊಂಡು ಬರುತ್ತದೆ. ಬಯಲು ಮಾಡಿದ ಜಾಗ, ಹಿಕ್ಕಿ, ಕಂಟಿ, ದಾರ. ಇನ್ನು ಉರುಲಿನ ಕಣ್ಣಿಯೊಂದನ್ನು ಕಟ್ಟಿದರೆ ಮುಗಿಯಿತು. ಅದನ್ನು ಕಲಿಸಿಕೊಟ್ಟವಳೂ ತಾನೇ. ‘ಹಿಕ್ಕಿ ಎಲ್ಲೈತೋ ಅಂವಾ ಅಲ್ಲೇ.’

ಮನೆಗೆ ಬಂದು ಲಕ್ಕಪ್ಪನಿಗೆ ಹೇಳಿದಳು.

“ಶಟ್ಟೆಪ್ಪ?” ಲಕ್ಕಪ್ಪ ಚಹಾದ ಬಸಿ ಕೆಳಗಿಟ್ಟ. “ಏ, ಅಂವಾ ಕೋಳಿ ಕೊಯ್ಯೂದಕ್ಕೂ ಹೆಂಡ್ತಿನ್ನ ಕರಿಯಾಂವಾ. ಉರ್ಲ ಹಾಕ್ತಾನೇನ?”

“ತಾ ಕೊಯ್ಯೂದಿಲ್ಲ. ಕೊಯ್ಯಾವರಿಗೆ ತೋರಸ್ತಾನ. ಚಿಗರಿ ಸತ್ರ ತಂತಿ ಬರತೈತಿ. ಅವಂಗ ತಂತಿ ಬೇಕು.”

“ಹಂಗಾರ ಹೋದ ಸಲದ್ದೂ ಅವನದ?”

“ಯಾರಿಗ್ಗೊತ್ತು? ನಿನ್ನ ಚಪ್ಪಲಿ ತೋರ್ಸು.”

ಲಕ್ಕಪ್ಪ ನಕ್ಕ. ಆಕೆ ನಗಲಿಲ್ಲವಾದ್ದರಿಂದ ಎದ್ದು ಹೋಗಿ ಎರಡೂ ಚಪ್ಪಲಿ ತಂದು ಬೋರಲು ಹಾಕಿ ತೋರಿಸಿದ. ಹಿಮ್ಮಡಿ ಎರಡೂ ಗಟ್ಟಿ ಇದ್ದವು. “ಪಾಸಾದ್ನೇನವಾ?” ಎಂದ. ಆಕೆ ಎಡಗಾಲಿನದನ್ನು ಇನ್ನೊಮ್ಮೆ ಒತ್ತಿ ನೋಡಿದಳು.

ಮರುದಿನ ಬೆಳಕು ಮೂಡುವಾಗ ಕರೆವ್ವ ಗೋವಿನಜೋಳದ ಕಣಿಕೆಯ ಬಣವೆಯ ಹಿಂದೆ ನಿಂತಿದ್ದಳು. ಶಟ್ಟೆಪ್ಪ ತನ್ನ ಹೊಲದ ನಡುವೆ ಬಗ್ಗಿ ಏನನ್ನೋ ಬುಟ್ಟಿಗೆ ಬಳಿದುಕೊಂಡ. ಮೇಲೆ ಗೋಣಿತಟ್ಟು ಮುಚ್ಚಿದ. ಎದ್ದು ನಿಂತು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಗಾಯರಾಣದ ಕಡೆ ಹೆಜ್ಜೆ ಹಾಕಿದ. ಮುಳುಗಿದ ಹಾಗೆ ಹುಲ್ಲಿನಲ್ಲಿ ಕುಳಿತ. ಬಹಳ ಹೊತ್ತು ಏಳಲೇ ಇಲ್ಲ. ವಾಪಸು ಬಂದಾಗಲೂ ಬುಟ್ಟಿಯ ಮೇಲೆ ಗೋಣಿತಟ್ಟು ಇತ್ತು, ಹೋಗುವಾಗಿನದಕ್ಕಿಂತ ಎತ್ತರಕ್ಕೆ ಉಬ್ಬಿತ್ತು.

ಹೋಗುವಾಗಲೂ ಭಾರ, ಬರುವಾಗಲೂ ಭಾರ. ಹಿಕ್ಕಿ ಒಯ್ದ ಸರಿ, ತಂದದ್ದೇನು?

ಕರೆವ್ವ ಬಣವೆಯ ಹಿಂದಿನಿಂದ ದಾರಿಗೆ ಬಂದು ನಿಂತಳು. ಶಟ್ಟೆಪ್ಪ ಬೆಚ್ಚಿಬಿದ್ದ.

“ಬುಟ್ಟ್ಯಾಗ ಏನೈತೋ?”

“ಗೊಬ್ಬರ ಐತಿ ಯಕ್ಕಾ.”

“ಹೋಗೂ ಮುಂದೂ ಬುಟ್ಟಿ ತುಂಬಿತ್ತು. ಏನಿತ್ತು?”

“ಅದೂ ಗೊಬ್ಬರ.”

“ಹೊಲದಾನ ಗೊಬ್ಬರ ಹೊರಗ ಒಯ್ಯೂ ಒಕ್ಕಲಿಗನ್ನ ಇವತ್ತ ಕಂಡೆ ನೋಡಪಾ,” ಎಂದಳು ಕರೆವ್ವ. “ತಟ್ಟ ತಗಿ, ನೋಡೂಣು.”

“ತಗಿಯಂಗಿಲ್ಲ.” ಶಟ್ಟೆಪ್ಪನ ಕಿವಿ ಕೆಂಪಾಗಿದ್ದವು. “ನನ್ನ ಬುಟ್ಟಿ, ನನ್ನ ಗೊಬ್ಬರ. ನೀ ಚಿಗರಿ ಕಾಯಾಕ ಇರಾಕಿ, ಬುಟ್ಟಿ ಕಾಯಾಕಲ್ಲ.” ಅಷ್ಟಂದು ಬರಬರನೆ ನಡೆದುಬಿಟ್ಟ. ಎಡಗಾಲಿನ ಚಪ್ಪಲಿಯ ಹಿಮ್ಮಡಿ ಅರ್ಧ ಇರಲಿಲ್ಲ.

ಅಂದೇ ಕರೆವ್ವ ಅರಣ್ಯ ಇಲಾಖೆಯ ಗಾರ್ಡ್ ಉಮಾಶ್ರೀಗೆ ಫೋನು ಹಚ್ಚಿದಳು. ಉಮಾಶ್ರೀ ಇಪ್ಪತ್ತೇಳರ ಹುಡುಗಿ, ಬೈಕಿನ ಮೇಲೆ ಹತ್ತೂರು ತಿರುಗುವವಳು. ಮೊದಲ ಸಲ ಬಂದಾಗ ಕರೆವ್ವ ಆಕೆಯ ಗುರುತಿನ ಚೀಟಿ ಇಸಿದುಕೊಂಡು ಫೋಟೋದ ಪಕ್ಕ ಮುಖ ಇರಿಸಿ ಹೋಲಿಸಿ ನೋಡಿದ್ದಳು.

“ಸೀಗಿ ಹುಣ್ಣಿವಿ ದಿವಸ ಬರತೇನ್ರಿ ಕರೆವ್ವಾರ. ಎಲ್ಲಾರೂ ಹೊಲದಾಗ ಇರ್ತಾರ, ಅನಾಯಾಸ ಸಿಗ್ತಾರ,” ಎಂದಳು ಉಮಾಶ್ರೀ. “ಅಲ್ಲೀತನಕಾ ದಾರಕ್ಕ ಕೈ ಹಚ್ಚಬ್ಯಾಡ್ರಿ. ಹಂಗ ಇರ್ಲಿ. ಕಣ್ಣ ಇಡ್ರಿ, ಅಷ್ಟ.”

ಕಣ್ಣಿಡುವುದನ್ನು ಕರೆವ್ವನಿಗೆ ಹೇಳಿಕೊಡಬೇಕೆ? ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ಅದೇ ಆಟ. ಕರಿಗೌಡ ಕಡ್ಲಿಯಲ್ಲಿ ಹಿಕ್ಕಿ ಹಾಕುವನು, ಶಟ್ಟೆಪ್ಪ ಹೊರುವನು. ಗಾಯರಾಣದ ಬೋಳು ಜಾಗ ದಿನದಿನಕ್ಕೆ ಅಗಲವಾಗುತ್ತಿತ್ತು. ಶಟ್ಟೆಪ್ಪ ಹೋದ ಕೂಡಲೇ ಕರೆವ್ವ ಹೋಗಿ ಕಂಟಿ ಕಂಟಿ ತಡಕುವಳು. ಉರುಲಿನ ಕಣ್ಣಿ ಎಲ್ಲಿಯೂ ಸಿಗಲಿಲ್ಲ. ಸಿಗದಿದ್ದುದು ಆಕೆಗೆ ಇನ್ನೂ ದೊಡ್ಡ ಸಂಶಯ. ಇಷ್ಟು ತಾಳ್ಮೆಯಿಂದ ಕಾಯುವ ಕಳ್ಳ ಸಣ್ಣ ಕಳ್ಳನಲ್ಲ. ಆರನೆಯ ದಿನ ಕರಿಗೌಡ ಬದು ದಾಟಿದ. ಬೋಳು ಜಾಗದ ಅಂಚಿನಲ್ಲಿ ನಿಂತು ಮೂಗು ಎತ್ತಿ ಗಾಳಿ ಹಿಡಿದ. ಕರೆವ್ವ ಅಂದು ಹಿಂಡು ನಡೆಸುವುದನ್ನೂ ಬಿಟ್ಟು, ಅವನಿಗೂ ನೀಲಿ ದಾರಕ್ಕೂ ನಡುವೆ ಬಿಸಿಲೇರುವವರೆಗೆ ಕುಳಿತಳು. ಹಿಂಡು ಅಷ್ಟರಲ್ಲಿ ಮೂವರ ಹೊಲ ಮೇಯ್ದಿತು. ಮೂವರೂ ಬಂದು ಬೈದು ಹೋದರು. ಆಕೆ ಜಾಗ ಬಿಟ್ಟು ಏಳಲಿಲ್ಲ.

ಸೀಗಿ ಹುಣ್ಣಿವೆ ಬಂತು. ಬಂಡಿ, ಟ್ರ್ಯಾಕ್ಟರ್, ಬೈಕು ಹತ್ತಿ ಊರಿಗೆ ಊರೇ ಹೊಲಕ್ಕೆ ಇಳಿಯಿತು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪೂಜೆ ಮಾಡಿದರು, ಭೂತಾಯಿಗೆಂದು ಹೊಲದ ತುಂಬ ಅಡುಗೆ ಎರಚಿ ಚರಗ ಚೆಲ್ಲಿದರು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯದ ಬುತ್ತಿಗಳು ಬಿಚ್ಚಿದವು. ಎಲ್ಲರೂ ಎಲೆಗೆ ಕೂತಾಗ ಉಮಾಶ್ರೀಯ ಬೈಕು ಬಂದು ನಿಂತಿತು. ಖಾಕಿ ಕಂಡು ಮಾತು ನಿಂತಿತು.

ಕರೆವ್ವ ಎದ್ದಳು. ಕೈಯಲ್ಲಿನ ರೊಟ್ಟಿ ತುಂಡನ್ನು ಎಲೆಯ ಮೇಲಿಟ್ಟಳು.

“ಹಿರಿಯಾರು ತಂತಿ ಮಾತ ತಗಿಯೂಕಿಂತ ಮೊದಲ ನಂದೊಂದು ಐತ್ರಿ,” ಎಂದಳು ಯಮನಪ್ಪನಿಗೆ. “ಹೋದ ಸಲ ಚಿಗರಿ ಸತ್ತಾಗ ನನ್ನ ಮ್ಯಾಲ ಮಾತ ಬಂತು. ಇನ್ನೊಂದು ಸಾಯೂಕಿಂತ ಮೊದಲ ಯಾರು ಕೊಲ್ಲಾಕ ಹೊಂಟಾರ ನಾ ತೋರಸ್ತೇನಿ. ಶಟ್ಟೆಪ್ಪಾ, ಏಳು. ಹತ್ತ ದಿವಸದಿಂದ ಬುಟ್ಟ್ಯಾಗ ಏನ್ ಹೊರಾಕತ್ತಿ, ಹೇಳು.”

ಶಟ್ಟೆಪ್ಪನ ಕೈಯಲ್ಲಿದ್ದ ಹೋಳಿಗೆ ಬಾಯಿಗೂ ಹೋಗಲಿಲ್ಲ, ಎಲೆಗೂ ಇಳಿಯಲಿಲ್ಲ. “ಹಿಕ್ಕಿ,” ಎಂದ ಕೊನೆಗೆ.

“ಯಾರ ಹಿಕ್ಕಿ?” ಯಮನಪ್ಪ ಕಿವಿಗೆ ಕೈ ಹಚ್ಚಿದ.

“ಚಿಗರೀದ್ರಿ.”

ಯಾರೋ ಕಿಸಕ್ಕನೆ ನಕ್ಕರು. ಉಮಾಶ್ರೀ ನಗಲಿಲ್ಲ. “ದಾರ ಎಲ್ಲೈತಿ ತೋರಸ್ರಿ,” ಎಂದಳು. ಎಲ್ಲರೂ ಎಂಜಲು ಕೈಯಲ್ಲೇ ಎದ್ದು ಗಾಯರಾಣಕ್ಕೆ ಹೊರಟರು. ಕರೆವ್ವ ಶಟ್ಟೆಪ್ಪನ ಬೆನ್ನಿಗೆ ಅಂಟಿಕೊಂಡೇ ನಡೆದಳು, ಓಡಿ ಹೋದಾನೆಂದು.

ಉಮಾಶ್ರೀ ಕಂಟಿಯ ಹತ್ತಿರ ಬಗ್ಗಿ ನೀಲಿ ದಾರವನ್ನು ಉಗುರಿನಿಂದ ಬಿಡಿಸಿದಳು. ದಾರದೊಳಗಿನಿಂದ ಒಂದು ಗೇಣುದ್ದದ ಜಾಲಿಯ ಟೊಂಗೆ ಕೈಗೆ ಬಂತು. ಅದರ ತುದಿಯ ಮುಳ್ಳಿನಲ್ಲಿ ಒಣಗಿದ ಕರಿ ಹನಿ.

“ಇದೇನ್ರಿ?”

“ಅಂವಾ ಮಾರಿ ತಿಕ್ಕಿದ ಟೊಂಗಿರಿ,” ಎಂದ ಶಟ್ಟೆಪ್ಪ. “ನಮ್ಮ ಬದುವಿನ್ಯಾಗಿಂದ ಕೊಯ್ದು ತಂದ ಇಲ್ಲಿ ಕಟ್ಟೇನಿ. ಎಷ್ಟ ಎತ್ತರಕ್ಕ ಕಟ್ಟೂದು ಅಂತ ಕೇಳಾಕ ಇಂದ್ರವ್ವನ್ನ ಕಳಸಿದ್ದೆ. ಕರೆವ್ವಕ್ಕ ಹೇಳ್ಲಿಲ್ಲ, ಅಂದಾಜಿನ ಮ್ಯಾಲ ಕಟ್ಟಿದೆ. ಹಿಕ್ಕಿ ಎಲ್ಲೈತೋ ಅಂವಾ ಅಲ್ಲೇ ಅಂತ ಆಕೀನ ಹೇಳಿದ್ಲು. ಹಿಕ್ಕಿ ಇಲ್ಲಿಗೆ ತಂದ್ರ ಅಂವಾನೂ ಇಲ್ಲಿಗೆ ಬಂದಾನು, ಕಡ್ಲಿ ಉಳದೀತು ಅಂತ... ಇಷ್ಟರಿ.”

ಈಗ ನಗು ಒಡೆಯಿತು. “ಗೌಡನ ಗಾದಿ ಹೊತ್ತ ತಳವಾರ!” ಎಂದು ಯಾರೋ ಕೂಗಿದರು. ಲಕ್ಕಪ್ಪನಿಗಂತೂ ನಕ್ಕು ನಕ್ಕು ಕೆಮ್ಮು ಬಂತು. ಕರೆವ್ವ ಒಬ್ಬಳೇ ಶಟ್ಟೆಪ್ಪನ ಮುಖ ನೋಡುತ್ತ ನಿಂತಿದ್ದಳು. ಅಲ್ಲಿ ಇನ್ನೂ ಏನೋ ಉಳಿದಿತ್ತು.

“ಇಷ್ಟ ಆಗಿದ್ರ ಮುಚ್ಚಿಟ್ಟಿ ಯಾಕ?” ಎಂದಳು. “ಹೋಗೂ ಮುಂದ ಹಿಕ್ಕಿ. ಬರೂ ಮುಂದ ಏನು?”

ಶಟ್ಟೆಪ್ಪ ಇಂದ್ರವ್ವನನ್ನು ನೋಡಿದ. ಇಂದ್ರವ್ವ ಮುಗಿಲು ನೋಡಿದಳು.

“ಬರೂ ಮುಂದ ಬುಟ್ಟಿ ಖಾಲಿ ಯಾಕ ತರೂದು ಅಂತ...” ಶಟ್ಟೆಪ್ಪನ ದನಿ ಇಳಿಯಿತು. “ಎಮ್ಮಿಗೆ ಒಂದೀಟ ಹುಲ್ಲ.”

ನಗು ನಿಂತುಹೋಯಿತು. ದೀಪಾವಳಿ ಮೊದಲು ಗಾಯರಾಣದ ಹುಲ್ಲಿಗೆ ಕುಡುಗೋಲು! ಯಮನಪ್ಪನ ಮೀಸೆ ನಡುಗಿತು. “ಊರಿನ ಕಟ್ಟ ಮುರದೆಲ್ಲೋ ಮಗನ! ತಂತಿ ತಂತಿ ಅಂತ ಬಾಯಿ ಬಡಕೊಳ್ಳಾಂವಾ ನೀ, ಕಳ್ಳನೂ ನೀನ?”

ಕರೆವ್ವನಿಗೆ ಗೆದ್ದ ಹಾಗೂ ಆಗಲಿಲ್ಲ, ಸೋತ ಹಾಗೂ ಆಗಲಿಲ್ಲ. ಕಳ್ಳನನ್ನು ಹಿಡಿದದ್ದು ನಿಜ. ಹಿಡಿಯಹೊರಟದ್ದು ಬೇರೆ ಕಳ್ಳನನ್ನು. ನೆಲವನ್ನು ಸರಿಯಾಗಿ ಓದಿದ್ದಳು, ಮುಖವನ್ನು ಓದಿದ್ದು ತಪ್ಪಿತ್ತು. ಊರ ಮುಂದೆ ಒಬ್ಬನನ್ನು ಕೊಲೆಗಡುಕ ಎಂದಿದ್ದಳು. ಹೋದ ಸಲ ಅದೇ ಮಾತು ತನ್ನ ಮೇಲೆ ಬಂದಾಗ ಅನ್ನ ಗಂಟಲಿಗೆ ಇಳಿದಿರಲಿಲ್ಲ.

ಅಷ್ಟರಲ್ಲಿ ಉಮಾಶ್ರೀ ಬಾಯಿಗೆ ಬೆರಳಿಟ್ಟು ಎಲ್ಲರನ್ನೂ ತಡೆದಳು. ಬೋಳು ಜಾಗದ ಆಚೆ ತುದಿಯಲ್ಲಿ ಕರಿಗೌಡ ನಿಂತಿದ್ದ. ಇಷ್ಟು ಮಂದಿಯ ಗದ್ದಲಕ್ಕೆ ಸರಿದು ನಿಂತಿದ್ದನೇ ಹೊರತು ಓಡಿರಲಿಲ್ಲ. ಮೂಗು ಮುಗಿಲಿಗೆ, ಕಿವಿ ಕೆಳಗೆ.

“ನೋಡ್ರಿ, ಬಂದಾನ!” ಶಟ್ಟೆಪ್ಪ ಕಳ್ಳತನ ಮರೆತು ಎದೆಯುಬ್ಬಿಸಿದ. “ಹಿಕ್ಕಿ ಹೊತ್ತದ್ದು ಸಾರ್ಥಕ ಆತು.”

ಅದೇ ಗಳಿಗೆಗೆ ಹಿಂದಿನಿಂದ ಇಂದ್ರವ್ವ ಕಿರುಚಿದಳು. “ಅಯ್ಯ, ಅಲ್ಲಿ ನೋಡ್ರಿ! ನಮ್ಮ ಹೊಲದಾಗ!”

ಕಡ್ಲಿಯ ನಡುವೆ, ಕರಿಗೌಡ ಬಿಟ್ಟುಬಂದ ಜಾಗದಲ್ಲಿಯೇ, ಅರ್ಧ ಕಂದು ಅರ್ಧ ಕಪ್ಪು ಮೈಯ ಪಡ್ಡೆ ಗಂಡು ಬಾಲ ಎತ್ತಿ ಕುಳಿತು ತನ್ನ ಮೊದಲ ಹಿಕ್ಕಿ ಹಾಕುತ್ತಿತ್ತು. ನಗು ಮತ್ತೆ ಒಡೆಯಿತು. ಆದರೆ ಕರೆವ್ವ ಒಮ್ಮೆ ಆ ಪಡ್ಡೆಯನ್ನೂ ಒಮ್ಮೆ ಕರಿಗೌಡನನ್ನೂ ನೋಡಿದಳು. ಆಮೇಲೆ ಕಾಲಡಿಯ ನೆಲ ನೋಡಿದಳು. ಬೋಳು ಜಾಗ, ಸುತ್ತ ಮೊಣಕಾಲೆತ್ತರದ ಹುಲ್ಲು. ಆಚೆ ಇನ್ನೂ ಗೇಣೆತ್ತರವೂ ಆಗದ ಕಡ್ಲಿಯ ಬಯಲು.

“ಹಿಕ್ಕಿಗೆ ಬಂದಿಲ್ಲ ಅಂವಾ,” ಎಂದಳು ನಿಧಾನವಾಗಿ. “ನಾ ತಪ್ಪ ಹೇಳಿದ್ದೆ ತಮ್ಮಾ. ನೀ ಹುಲ್ಲ ಕೊಯ್ದೆಲ್ಲಾ, ಅದಕ್ಕ ಬಂದಾನ. ಅವಂಗ ಬಯಲ ಬೇಕು. ತಾ ನಾಕೂ ಕಡಿ ನೋಡಬೇಕು, ತನ್ನನ್ನ ನಾಕ ಹೆಣ್ಣ ನೋಡಬೇಕು. ಈ ಹುಲ್ಲಿನ್ಯಾಗ ನಿಂತ್ರ ಕೋಡಷ್ಟ ಕಾಣತಾವ. ಅದಕ್ಕ ನಿನ್ನ ಕಡ್ಲ್ಯಾಗ ನಿಂತಿದ್ದ. ನಮ್ಮಪ್ಪನ ಕಾಲಕ್ಕ ಇಲ್ಲಿ ಊರಿನ ದನಾ ಎಲ್ಲಾ ಮೇದು ನೆಲ ಬೋಳ ಇರತಿತ್ತು. ಆಗ ಗಂಡ ಎಲ್ಲಾ ಇಲ್ಲೇ ಗಾದಿ ಹಾಕ್ತಿದ್ದೂವು.”

ಉಮಾಶ್ರೀ ತಲೆಯಾಡಿಸಿದಳು. “ಖರೇ ಐತ್ರಿ. ಹುಲ್ಲ ಗಿಡ್ಡ ಇದ್ದಲ್ಲೇ ನಿಲ್ಲತಾವ.”

“ಹಂಗಾರ ಏನ್ ಮಾಡೂಣಂತಿ?” ಎಂದ ಯಮನಪ್ಪ.

“ದೀಪಾವಳಿ ತನಕಾ ಕಾಯಬ್ಯಾಡ್ರಿ. ಇವತ್ತ ಕುಡಗೋಲ ಹಚ್ರಿ. ಮನಿಗೊಂದು ಪಾಲ, ಎಂದಿನಂಗ. ನಡಬರ್ಕ ಕೊಯ್ರಿ, ಅಂಚಿನ ಹುಲ್ಲ ಬಿಡ್ರಿ, ಮರಿ ಅಡಗಾಕ ಬೇಕು. ಎರಡೂ ಗಂಡ ಈ ಕಡೆ ಬರ್ತಾವ. ಗಂಡ ನಿಂತಲ್ಲೆ ಹೆಣ್ಣ ಬರತಾವ. ಬರ್ಲಿಲ್ಲಂದ್ರ...” ಆಕೆ ಒಮ್ಮೆ ಕರಿಗೌಡನ ಕಡೆ ನೋಡಿದಳು. “ಬರ್ಲಿಲ್ಲಂದ್ರ ದೀಪಾವಳಿಗೆ ತಂತಿ ಎಳೀರಿ. ನನ್ನ ಆಯ ಕೊಡಬ್ಯಾಡ್ರಿ.”

ಯಮನಪ್ಪ ಬನ್ನಿಗಿಡದ ಕಡೆ, ಸುಣ್ಣ ಬಳಿದ ಐದು ಕಲ್ಲಿನ ಕಡೆ ನೋಡಿದ. ಊರಿನ ಕಟ್ಟು ಮುರಿಯುವುದು ಅವನಿಗೆ ಸಸಾರದ ಮಾತಾಗಿರಲಿಲ್ಲ. ಆದರೆ ಹಿಂದೆ ನಿಂತ ಹೆಂಗಸರಲ್ಲಿ ಅದಾಗಲೇ ಯಾರ ಮನೆಯಲ್ಲಿ ಎಷ್ಟು ಕುಡುಗೋಲು ಎಂಬ ಮಾತು ಎದ್ದಿತ್ತು. “ದೀಪಾವಳಿ ತನಕಾ ತಂತಿ ಮಾತ ಬ್ಯಾಡ,” ಎಂದ. “ಹುಲ್ಲ ನಾಳಿಂದ. ಶಟ್ಟೆಪ್ಪನ ಪಾಲಿಲ್ಲ, ಅಂವಾ ಮೊದಲ ತಿಂದಾನ.”

“ನಾ ತಿಂದಿಲ್ರಿ, ಎಮ್ಮಿ ತಿಂದೈತಿ,” ಎಂದ ಶಟ್ಟೆಪ್ಪ. ಈ ಸಲ ಅವನೂ ನಕ್ಕ.

ಮೂರು ದಿನದಲ್ಲಿ ಗಾಯರಾಣದ ನಡುಭಾಗ ಬೋಳಾಯಿತು. ಐದನೆಯ ಬೆಳಿಗ್ಗೆ ಹರಕುಕಿವಿ ತನ್ನಷ್ಟಕ್ಕೆ ಬದು ದಾಟಿತು. ಅದರ ಹಿಂದೆ ಹೆಣ್ಣುಗಳೆಲ್ಲ ಸಾಲು ಹಿಡಿದವು. ಪಡ್ಡೆ ಗಂಡೊಂದು ಮಾತ್ರ ಕಡ್ಲಿಯ ಗಾದಿ ಬಿಡಲೊಲ್ಲದೆ ಹಠ ಹಿಡಿದು ನಿಂತಿತ್ತು.

ಗಾದಿ ಎತ್ತಿದರೆ ಅದರ ಹಠ ಸಡಿಲಾದೀತೆಂದು ಕರೆವ್ವ ಒಂದು ಬುಟ್ಟಿ ಹಿಡಿದು ಶಟ್ಟೆಪ್ಪನ ಹೊಲಕ್ಕೆ ಬಂದಳು. ಬಗ್ಗಿ ಹಿಕ್ಕಿ ಬಳಿಯತೊಡಗಿದಳು. ಶಟ್ಟೆಪ್ಪ ತಾನೂ ಬಗ್ಗಿದ.

“ಅವತ್ತ ಮಂದ್ಯಾಗ ಅಂದದ್ದು...” ಎಂದಳು ಆಕೆ, ತಲೆಯೆತ್ತದೆ. “ಅನ್ನಬಾರದಿತ್ತು.”

“ಹುಲ್ಲ ಕೊಯ್ಯಬಾರದಿತ್ತು ನಾನೂ.”

“ಅದೂ ಖರೇನ. ಹೋದ ಬ್ಯಾಸಗ್ಯಾಗ ಹಳ್ಳದ ದಂಡ್ಯಾಗ ಉರ್ಲ ಹಾಕಿದಾಂವಾ ನೀ ಅಲ್ಲಲ್ಲಾ?”

ಶಟ್ಟೆಪ್ಪ ನೆಟ್ಟಗೆ ನಿಂತ. “ಯಕ್ಕಾ!”

“ಕೇಳಿದೆ. ಅಲ್ಲ ಅಂದ್ರ ಅಲ್ಲ.” ಬುಟ್ಟಿಯ ಒಂದು ಕಡೆ ಹಿಡಿದು ಇನ್ನೊಂದು ಕಡೆಯನ್ನು ಅವನತ್ತ ಚಾಚಿದಳು. ಇಬ್ಬರೂ ಎತ್ತಿಕೊಂಡು ಬದುವಿನವರೆಗೆ ಬಂದರು. ಬದು ಇಕ್ಕಟ್ಟು, ಇಬ್ಬರು ಅಕ್ಕಪಕ್ಕ ನಡೆಯಲು ಬಾರದು. ಶಟ್ಟೆಪ್ಪ ಹಿರಿಯಳೆಂದು ಮರ್ಯಾದೆಗೆ ಪಕ್ಕಕ್ಕೆ ಸರಿದು, “ಮುಂದ ನಡಿ ಯಕ್ಕಾ,” ಎಂದ.

“ನೀ ನಡಿ ಮುಂದ,” ಎಂದಳು ಕರೆವ್ವ. ಅವನು ಹೆಜ್ಜೆಯಿಟ್ಟಾಗ ಹಸಿ ಎರೆಯಲ್ಲಿ ಮೂಡಿದ ಎಡಗಾಲಿನ ಅಚ್ಚನ್ನು ನೋಡಿದಳು. ಹಿಮ್ಮಡಿಗೆ ಹೊಸ ತುಂಡು ಬಡಿಸಿದ್ದ. ಯಾವಾಗ ಬಡಿಸಿದ, ಯಾಕೆ ಬಡಿಸಿದ ಎಂದು ಯೋಚಿಸುತ್ತಲೇ ಅವನ ಹಿಂದೆ ಬದು ಹತ್ತಿದಳು.